ತೊಂಬತ್ತೇಳನೇ ಪುಟದ ನಾಲ್ಕು ಸಾಲು

"ನಿಮ್ಮ ಹೆಡ್ಮಾಸ್ಟರ ಆತ್ಮಕಥೆ ಓದ್ತೀನಿ, ಕೇಳಿ," ಎಂದ ಪ್ರೆಸ್ಸಿನ ಯಜಮಾನ ಫೋನಿನಲ್ಲಿ. ಗಂಟಲು ಸರಿಮಾಡಿಕೊಂಡು ವಾರ್ತೆ ಓದುವವರ ಗಂಭೀರ ದನಿ ತೆಗೆದ. "ಡಬ್ಬಿ, ಡಬ್ಬಿ, ಕೊಕ್ಕೆ, ಡಾಲರ್ ಗುರುತು, ತಲೆಕೆಳಗಾದ ಪ್ರಶ್ನೆ ಚಿಹ್ನೆ, ಮತ್ತೆ ಡಬ್ಬಿ. ಇಲ್ಲಿಗೆ ಮೊದಲನೇ ಅಧ್ಯಾಯ ಮುಗೀತು."

ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಅಂಗಡಿ ನಡೆಸುವ ಸೊಸೆ ಹಣೆ ಹಿಡಿದುಕೊಂಡಳು. "ಫಾಂಟು ಪಿಡಿಎಫ್ ಒಳಗೆ ಕೂತಿಲ್ಲ ಅನ್ಸುತ್ತೆ ಸಾರ್."

"ಕೂತಿಲ್ಲ, ನಿಂತಿಲ್ಲ, ನನ್ನ ಕಂಪ್ಯೂಟರಲ್ಲಂತೂ ಹುಟ್ಟೇ ಇಲ್ಲ. ಎರಡನೇ ಸಲ ವಾಪಸ್ಸು ಕಳಿಸ್ತಿದೀನಿ. ನಾಲ್ಕಕ್ಕೆ ಸರಿಯಾಗಿ ಮಿಷನ್ ಶುರು. ಮೂರನೇ ಸಲ ವಾಪಸ್ಸಾಯ್ತೋ, ಇನ್ಮೇಲೆ ನಮ್ಮ ಪ್ರೆಸ್ಸಿನ ಪುಸ್ತಕಗಳೆಲ್ಲ ನನ್ನ ಭಾಮೈದನ ಹತ್ರ. ಅವನ ಫಾಂಟೂ ಓಡಿಹೋಗಲ್ಲ, ಪ್ಯಾಂಟೂ ಜಾರಲ್ಲ."

ಆಗ ಗಂಟೆ ಒಂದು. ಒಳಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದ ಕೈ ಅವರದು. "ನಮ್ಮ ಕಾಲದಲ್ಲಿ ಅಕ್ಷರ ಕಾಲ ಮೇಲೆ ಬಿದ್ದರೆ ಬೆರಳಿಗೆ ಬಾವು ಬರೋದು. ಆದರೆ ಹೇಳದೆ ಕೇಳದೆ ಡಾಲರ್ ಆಗ್ತಿರಲಿಲ್ಲ," ಎಂದರು.

ತಪ್ಪು ಫಾಂಟಿನದು. ಅದನ್ನು ಹೆಡ್ಮಾಸ್ಟರೇ ಪೆನ್‌ಡ್ರೈವಿನಲ್ಲಿ ತಂದು, ನನ್ನ ಕೈಬರಹದ ಹಾಗೇ ಇದೆ, ಇದೇ ಆಗಬೇಕು ಎಂದು ಹಟ ಹಿಡಿದಿದ್ದರು. ಯಾವ ಕಾಲದಲ್ಲಿ ಯಾರು ಮಾಡಿದ್ದೋ, ವರ್ಗಾವಣೆ ಎಂದರೆ ಮುಷ್ಕರ ಹೂಡುವ ಗುಮಾಸ್ತನಂಥ ಫಾಂಟು ಅದು. ಇದ್ದಲ್ಲಿ ಚೆನ್ನಾಗಿಯೇ ಇರುತ್ತದೆ, ಪಿಡಿಎಫ್ ಹತ್ತಿ ಇನ್ನೊಂದು ಕಂಪ್ಯೂಟರಿಗೆ ಹೋಗು ಎಂದರೆ ಮಾತ್ರ ಸುತಾರಾಂ ಒಪ್ಪುವುದಿಲ್ಲ. ಇಂಥದ್ದಕ್ಕೆ ಇರುವ ಮದ್ದು ಒಂದೇ, ಕರ್ವ್ ಮಾಡುವುದು. ಎಂದರೆ ಪ್ರತಿ ಅಕ್ಷರವನ್ನೂ ಅಕ್ಷರತನ ಬಿಡಿಸಿ ಬರೀ ಗೆರೆಯ ಚಿತ್ರವಾಗಿಸುವುದು. ಆಮೇಲೆ ಯಾವ ಕಂಪ್ಯೂಟರಿಗೂ ಫಾಂಟಿನ ಹಂಗಿಲ್ಲ.

ಸೊಸೆ ಇನ್ನೂರ ಹನ್ನೆರಡು ಪುಟವನ್ನೂ ಒಂದೊಂದಾಗಿ ಕರ್ವ್ ಮಾಡಿದಳು. ಎರಡೂಮುಕ್ಕಾಲಿಗೆ ಮುಗಿಯಿತು. ಮುಗಿದ ಖುಷಿಯಲ್ಲಿ ಬೆರಳು ತಾನಾಗಿಯೇ ಹೋಗಿ ಸೇವ್ ಒತ್ತಿತು. ಅದೇ ಹುರುಪಿನಲ್ಲಿ ಪೆನ್‌ಡ್ರೈವಿನ ಹಳೆಯ ಫೈಲಿನ ಮೇಲೂ ಹೊಸದನ್ನೇ ಕೂರಿಸಿದಳು. ಆಮೇಲೆ ಪರದೆಯ ನೆತ್ತಿಯ ಮೇಲಿನ ಫೈಲಿನ ಹೆಸರು ಕಣ್ಣಿಗೆ ಬಿತ್ತು. ಅದೇ ಹಳೆಯ ಹೆಸರು!

"ಅಯ್ಯೋ, ಮೂಲ ಫೈಲಿನ ಮೇಲೇ ಉಳಿಸಿಬಿಟ್ಟೆ ಅತ್ತೆ. ಇನ್ನು ಒಂದು ಕೊಂಬು ತಿದ್ದೋಕೂ ಆಗಲ್ಲ."

"ಕರ್ವ್ ಮಾಡಿದ್ದನ್ನ ಬೇರೆ ಹೆಸರಲ್ಲಿ ಉಳಿಸಿ ಅಂತ ಊರಿಗೆಲ್ಲ ಪಾಠ ಹೇಳ್ತಿದ್ದೋಳು ಯಾರೇ ಅದು?"

"ನಾನೇ. ಇರಲಿ ಬಿಡಿ, ಇನ್ನು ತಿದ್ದೋದಕ್ಕಾದರೂ ಏನಿದೆ?"

ಈ ಮಾತು ಮುಗಿಯುವಷ್ಟರಲ್ಲಿ ಹೆಡ್ಮಾಸ್ಟರು ಹೆಂಡತಿ ಸಮೇತ ಒಳಗೆ ಬಂದರು. ಪುಸ್ತಕದ ಹೆಸರು 'ಬೆತ್ತ ಬಿಟ್ಟ ಮೇಲೆ'. ಬೆತ್ತ ಬಿಟ್ಟಿದ್ದರು, ಬೆತ್ತದ ದನಿ ಬಿಟ್ಟಿರಲಿಲ್ಲ. "ಎಲ್ಲಿಗೆ ಬಂತಮ್ಮ? ಮುಖಪುಟ ನೋಡೋಣ ಅಂತ ಬಂದ್ವಿ." ಅವರು ಮುಖಪುಟದಲ್ಲಿ ತಮ್ಮ ಮುಖವನ್ನೇ ನೋಡುತ್ತ ನಿಂತರು. ಹೆಂಡತಿ ಮೇಜಿನ ಮೇಲಿದ್ದ ಅಚ್ಚಿನ ಕರಡನ್ನು ಸುಮ್ಮನೆ ಮಗುಚತೊಡಗಿದರು. ಅದನ್ನು ಅವರು ನೋಡುತ್ತಿದ್ದುದು ಅದೇ ಮೊದಲು.

ಹತ್ತು ನಿಮಿಷದ ಮೇಲೆ ಅವರು ತಣ್ಣಗೆ ಕೇಳಿದರು. "ರೀ, ಇನ್ನೂರು ಪುಟದಲ್ಲಿ ನಾನು ಎಲ್ಲಿದೀನಿ?"

"ಇದೀಯಲ್ಲೇ, ನಲವತ್ತೊಂದನೇ ಪುಟ!"

ಹೆಂಡತಿ ಹುಡುಕಿ, ಗಂಡನ ದನಿಯಲ್ಲೇ ಓದಿದರು. "'ಆ ವರ್ಷ ಶಾಲೆಗೆ ಹೊಸ ಗಂಟೆ ಬಂತು. ನನ್ನ ಮದುವೆಯೂ ಆಯಿತು.' ಗಂಟೆಗೆ ಮುಂದೆ ಒಂದೂವರೆ ಪುಟ ವರ್ಣನೆ ಇದೆ. ನನಗೆ ಅಲ್ಲಿಗೇ ಲಾಂಗ್ ಬೆಲ್."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅದೂ ಹೋಗಲಿ. ತೊಂಬತ್ತೇಳನೇ ಪುಟ ನೋಡಿ. ಮೂರೇ ದಿನದಲ್ಲಿ ಉತ್ತರಪತ್ರಿಕೆ ತಿದ್ದಿಕೊಡ್ತಿದ್ದ ಆದರ್ಶ ಶಿಕ್ಷಕ ಅಂತ ಪದಕ ಕೊಟ್ಟರಂತೆ. ಹನ್ನೊಂದು ವರ್ಷ ಅಡುಗೆಮನೇಲಿ ಕೂತು ತಿದ್ದಿದ್ದು ಯಾರು? ಇದು ಈ ಪುಟದಲ್ಲಿ ಬರಬೇಕು. ಬರದಿದ್ದರೆ ನಾಳೆ ಪುಸ್ತಕ ಬಿಡುಗಡೆ ಆಗುತ್ತಲ್ಲ, ವೇದಿಕೆ ಮೇಲೆ ನಾನೇ ಹೇಳ್ತೀನಿ."

ಹೆಡ್ಮಾಸ್ಟರ ಮುಖ ಮುಖಪುಟಕ್ಕಿಂತ ಬಿಳುಪಾಯಿತು. "ಸೇರಿಸಮ್ಮ, ನಾಲ್ಕು ಸಾಲು ಸೇರಿಸಿಬಿಡು," ಎಂದರು.

"ಸಾರ್, ಪುಟ ಈಗ ಚಿತ್ರ ಆಗಿದೆ. ಸಾಲು ಸೇರಿಸಿದರೆ ಉಳಿದದ್ದು ಮುಂದಿನ ಪುಟಕ್ಕೆ ಹರಿಯಲ್ಲ. ಮೊದಲಿಂದ ಮಾಡೋಕೆ ಎರಡು ದಿನ ಬೇಕು. ಗಂಟೆ ಆಗಲೇ ಮೂರೂಕಾಲು."

"ಅದಕ್ಯಾಕೆ ಅಷ್ಟು ಒದ್ದಾಟ?" ಎಂದರು ಅತ್ತೆ. "ಕಟ್ಟಿಟ್ಟ ಪುಟಕ್ಕೆ ನಾವು ಮಾಡ್ತಿದ್ದದ್ದೇ ಮಾಡು. ನಾಲ್ಕು ಸಾಲು ಒಳಗೆ ಹೋಗಬೇಕಾದರೆ ಅದೇ ಪುಟದಿಂದ ನಾಲ್ಕು ಸಾಲು ಎದ್ದು ಹೋಗಬೇಕು. ಮೇಷ್ಟ್ರೇ, ಯಾವುದನ್ನ ಎಬ್ಬಿಸೋಣ?"

"ಅಕ್ಷರ ಸಣ್ಣದು ಮಾಡಿ ತುರುಕಬಹುದಲ್ಲ?"

"ಮಾಡಬಹುದು. ಹೆಂಡತೀನ ಅಡಿಟಿಪ್ಪಣಿ ಮಾಡಿದ ಹಾಗಾಗುತ್ತೆ, ಪರವಾಗಿಲ್ವಾ?" ಎಂದರು ಅತ್ತೆ.

ಅದಾಗುವಂತಿರಲಿಲ್ಲ. ಆ ಪುಟದಲ್ಲಿ ಇನ್ಸ್‌ಪೆಕ್ಟರ ಹೊಗಳಿಕೆ, ಮೂರು ನಿಮಿಷದ ಚಪ್ಪಾಳೆ, ತಾವು ತೊಟ್ಟಿದ್ದ ನೀಲಿ ಕೋಟು, ಎಲ್ಲವೂ ಇದ್ದವು. ಹೆಡ್ಮಾಸ್ಟರು ನಿಟ್ಟುಸಿರಿಟ್ಟು ಕೋಟನ್ನು ಬಿಚ್ಚಿಕೊಟ್ಟರು. ಅತ್ತೆ ಪರದೆಗೇ ಸ್ಕೇಲು ಹಿಡಿದು, "ಕೋಟು ಎರಡೇ ಸಾಲು," ಎಂದರು.

"ಚಪ್ಪಾಳೆ ಬೇಡಮ್ಮ, ದಯವಿಟ್ಟು!"

"ಚಪ್ಪಾಳೆ ಕರೆಕ್ಟಾಗಿ ಎರಡು ಸಾಲು ಇದೆ ರೀ," ಎಂದರು ಹೆಂಡತಿ. ಚಪ್ಪಾಳೆಯೂ ಹೋಯಿತು.

ತೆರವಾದ ಜಾಗಕ್ಕೆ ಹೆಂಡತಿ ಹೇಳಿದಂತೆ ಸೊಸೆ ಹೊಸ ಸಾಲು ಟೈಪ್ ಮಾಡಿದಳು. ಒಂದೂ ಸಾಲು ಆಚೆಗಿಲ್ಲ, ಈಚೆಗಿಲ್ಲ. ಮೂರು ನಲವತ್ತೆಂಟಕ್ಕೆ ಪಿಡಿಎಫ್ ಹೋಯಿತು. ಮೂರು ಐವತ್ನಾಲ್ಕಕ್ಕೆ ಫೋನು ಬಂತು.

"ಭೇಷ್! ಪುಸ್ತಕ ಪೂರ್ತಿ ಸರಿ ಬಂದಿದೆ," ಎಂದ ಯಜಮಾನ. ಸೊಸೆ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು. "ತೊಂಬತ್ತೇಳನೇ ಪುಟದಲ್ಲಿ ಮಾತ್ರ ನಾಲ್ಕು ಸಾಲು ಡಬ್ಬಿ ಬಂದಿದೆ."

ಸೊಸೆಗೆ ಅವಸರದಲ್ಲಿ ಹೊಸ ಸಾಲುಗಳನ್ನು ಕರ್ವ್ ಮಾಡುವುದೇ ಮರೆತಿತ್ತು.

"ನಾಲ್ಕು ಸಾಲು ತಾನೇ, ಯಾರು ಓದ್ತಾರೆ? ನೀವು ಹೂಂ ಅಂದ್ರೆ ಹಾಗೇ ಓಡಿಸ್ತೀನಿ. ಊಹೂಂ ಅಂದ್ರೆ ಇದು ಮೂರನೇ ವಾಪಸ್ಸು, ಮಾತು ಮಾತೇ."

"ಡಬ್ಬಿನೂ ನೋಡೋಕೆ ಚೆನ್ನಾಗೇ ಇರುತ್ತಲ್ಲ, ಒಂಥರಾ ಅಲಂಕಾರ," ಎಂದು ಹೆಡ್ಮಾಸ್ಟರು ಮೆಲ್ಲಗೆ ಹೇಳಿದರು. ಹೆಂಡತಿ ಕರಡನ್ನು ಮುಚ್ಚಿ ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿಕೊಂಡರು.

ಹೂಂ ಎಂದರೆ ಮುಂದಿನ ಪುಸ್ತಕಗಳು ಉಳಿಯುತ್ತಿದ್ದವು. ಸೊಸೆ ಫೋನಿನತ್ತ ಬಾಗಿದಳು. "ಓಡಿಸಬೇಡಿ ಸಾರ್. ಮೂರನೇ ವಾಪಸ್ಸು ಅಂತಲೇ ಇಟ್ಕೊಳ್ಳಿ. ಐದು ನಿಮಿಷ ಕೊಡಿ, ಆ ಒಂದು ಪುಟ ಕಳಿಸ್ತೀನಿ."

ನಾಲ್ಕಕ್ಕೆ ಒಂದು ನಿಮಿಷವಿದ್ದಾಗ ಪುಟ ಹೋಯಿತು. ಅತ್ತ ಯಜಮಾನ ಅದನ್ನು ತೆರೆದು ಮತ್ತೆ ವಾರ್ತೆಯ ದನಿ ತೆಗೆದ. "'ಈ ಪದಕ ಬಂದದ್ದು ಮೂರೇ ದಿನಕ್ಕೆ ಉತ್ತರಪತ್ರಿಕೆ ತಿದ್ದಿಕೊಡುತ್ತಿದ್ದುದಕ್ಕೆ. ಹನ್ನೊಂದು ವರ್ಷ ಅವನ್ನು ತಿದ್ದಿದವಳು ನನ್ನ ಹೆಂಡತಿ. ಅಂಕ ಕೂಡಿದ್ದಷ್ಟೇ ನಾನು. ಅದರಲ್ಲೂ ಆಗಾಗ... ತಪ್ಪುತ್ತಿದ್ದೆ.'" ಕೊನೆಗೆ ಬರುವಷ್ಟರಲ್ಲಿ ವಾರ್ತೆಯ ದನಿ ಎಲ್ಲೋ ಬಿದ್ದುಹೋಗಿತ್ತು. "ಮೇಷ್ಟ್ರು ಅಲ್ಲೇ ಇದಾರಾ? ಸಾರ್, ನಿಮ್ಮ ಹತ್ರ ಓದುವಾಗ ಏಳನೇ ಕ್ಲಾಸಲ್ಲಿ ಗಣಿತಕ್ಕೆ ನನಗೆ ಹದಿನೇಳು ಬಂದಿತ್ತು."

"ನಾನು ತಿದ್ದಿದ ಪೇಪರಿನಲ್ಲಿ ಯಾರಿಗೂ ಅಷ್ಟು ಕಮ್ಮಿ ಬಂದ ನೆನಪಿಲ್ಲವಲ್ಲಪ್ಪ," ಎಂದರು ಹೆಂಡತಿ.

"ಅಮ್ಮಾ, ಫೇಲಾಗಿ ಇನ್ನೊಂದು ವರ್ಷ ಅದೇ ಬೆಂಚಲ್ಲಿ ಕೂತಿದ್ದೆ ನಾನು!"

ಹೆಡ್ಮಾಸ್ಟರು ಚಾವಣಿಯ ಫ್ಯಾನಿಗೆ ಎಷ್ಟು ರೆಕ್ಕೆಯಿದೆ ಎಂದು ಎಣಿಸುತ್ತಿದ್ದರು. ಅದನ್ನಾದರೂ ಸರಿಯಾಗಿ ಎಣಿಸಿದರೋ ಇಲ್ಲವೋ.

ಅತ್ತ ಕಡೆಯಿಂದ ಮಿಷನ್ ಗುಡುಗುಡು ಶುರುವಾಗಿದ್ದು ಕೇಳಿಸಿತು. ಅದರ ಮೇಲೆ ಯಜಮಾನ ಕಿರುಚಿದ. "ಅಕ್ಕಾ, ಆ ಮೂರನೇ ವಾಪಸ್ಸು ಇದೆಯಲ್ಲ, ಅದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ. ಕೂಡೋರನ್ನ ನಂಬಿ ಕೆಟ್ಟಿದ್ದು ಸಾಕು, ಇನ್ನು ತಿದ್ದೋರನ್ನ ನಂಬ್ತೀನಿ. ಸೋಮವಾರ ಬಂದು ಮುಂದಿನ ಪುಸ್ತಕ ತಗೊಂಡು ಹೋಗಿ."