ಇಳಿತಕ್ಕೆ ಕಾದ ದೋಣಿ

ಉಚ್ಚಿಲದ ಪುಷ್ಪಾವತಿಗೆ ದೋಣಿಯೆಂದರೆ ದಡದಲ್ಲಿ ನಿಂತು ನೋಡುವ ವಸ್ತು. ಗಂಡ ಅಂಗಾರ ಹರೆಯದಿಂದಲೂ ಕಡಲಿಗೆ ಹೋದವನು. ಅವನು ತಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಕಾಪುವಿನ ಮನೆಮನೆಗೆ ಮಾರುವುದು ಅವಳ ಕೆಲಸ. ಅವರಲ್ಲಿ ಹೆಂಗಸರು ದೋಣಿ ಹತ್ತುವ ಕ್ರಮವಿಲ್ಲ. ಅವಳು ಮೊದಲ ಸಲ ಹತ್ತಿದ್ದು ಇಲ್ಲಿ, ಗುಡ್ಡದ ಹೊಟ್ಟೆಯೊಳಗೆ ಹರಿಯುವ ಹೊಳೆಯಲ್ಲಿ.

ಎಂಬತ್ತಮೂರನೇ ಇಸವಿಯ ಮಳೆಗಾಲ. ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದ ಮೇಲೆ, ಪರ್ಕಳದ ಹಯಗ್ರೀವ ಮಾಸ್ತರರು ಹೊರಡಿಸಿದ ಯಾತ್ರೆಯ ಬಸ್ಸಿನಲ್ಲಿ ಗಂಡ ಹೆಂಡತಿ ಆಂಧ್ರದ ಕಡೆ ಬಂದಿದ್ದರು. ಸುಣ್ಣಕಲ್ಲಿನ ಗುಹೆ ನೋಡದೆ ಹೋಗಬಾರದೆಂದು ಹೊರಡಿಸಿದವರೂ ಮಾಸ್ತರರೇ.

ಒಳಗೆ ಕಂದೀಲಿನ ಬೆಳಕಿಗೆ ತಲೆಯ ಮೇಲಿನ ಮಾಡಿನ ತುಂಬ ಬಿಳಿ ಕಲ್ಲುಗಳು ದನದ ಕೆಚ್ಚಲಿನ ಹಾಗೆ ಜೋತಿದ್ದವು. “ಚಂದ ಉಂಟಲ್ವಾ?” ಎಂದರು ಮಾಸ್ತರರು. ಪುಷ್ಪಾವತಿ ಹಲಗೆಯನ್ನು ಬಿಗಿಯಾಗಿ ಹಿಡಿದು ಹೂಂಗುಟ್ಟಿದಳು.

ಮುದುಕ ಅಂಬಿಗ ಗೋಡೆಯ ನೀರಿನ ಗೆರೆಯನ್ನೇ ನೋಡುತ್ತಿದ್ದವನು ತಟ್ಟನೆ ದೋಣಿ ತಿರುಗಿಸಿ ತೆಲುಗಿನಲ್ಲಿ ಏನೋ ಕೂಗಿದ. ತೆಲುಗು ಬಲ್ಲ ಮಾಸ್ತರರ ಮುಖ ಬಿಳಿಚಿಕೊಂಡಿತು.

“ಮೇಲೆ ಮಳೆಯಂತೆ. ನೀರು ಏರುತ್ತಾ ಉಂಟಂತೆ. ಎಲ್ಲರೂ ಮಲಗಬೇಕಂತೆ, ಗುಹೆಯ ಬಾಯಿ ಮುಚ್ಚುವ ಮೊದಲು ದಾಟಬೇಕಂತೆ.”

ಬರುವಾಗ ತಲೆ ಬಗ್ಗಿಸಿದ್ದರೆ ಸಾಕಾಗಿದ್ದ ಬಾಯಿ ಈಗ ದೋಣಿಯ ಅಂಚಿನ ಮೇಲೆ ಒಂದು ಮೊಳವೂ ಉಳಿದಿರಲಿಲ್ಲ. ಅಂಗಾರ ಕೈಚಾಚಿ ಕಲ್ಲಿನ ಕಂಬವೊಂದನ್ನು ತಬ್ಬಿದ. ದೋಣಿ ನಿಂತಿತು.

“ಹೋಗುವುದು ಬೇಡ ಮಾಸ್ತರೇ. ಇದು ಭರತ, ಕಡಲು ಏರುವ ಹೊತ್ತು. ಇಳಿತ ಆಗುವವರೆಗೆ ಕಾಯುವ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಾನೆಷ್ಟು ಸಲ ಕಾದಿಲ್ಲ!”

“ಅಂಗಾರ ಹೇಳಿದ ಮೇಲೆ ಮತ್ತೆಂತ?” ಎಂದು ಮಾಸ್ತರರು ಕಣ್ಣು ಮುಚ್ಚಿ ಕೂತರು. ಅಂಬಿಗ ಹುಟ್ಟುಗೋಲಿನಿಂದ ಕಂಬಕ್ಕೆ ಬಡಿದ, ಬೈದ. ಅಂಗಾರ ಬಿಡಲಿಲ್ಲ.

ನೀರು ಕಂಬದ ಮೇಲೆ ಒಂದೊಂದೇ ಗೆರೆಯನ್ನು ನುಂಗುತ್ತ ಬಂತು. ಕಡಲಿನ ಮಾತಿನಲ್ಲಿ ಗಂಡನಿಗೆ ಎದುರಾಡಿದವಳಲ್ಲ ಪುಷ್ಪಾವತಿ. ಅಷ್ಟರಲ್ಲಿ ದೋಣಿ ಕಂಬಕ್ಕೆ ತಾಗಿ ನೀರು ಮುಖಕ್ಕೆ ಸಿಡಿಯಿತು. ಕಡಲ ದಡದ ಅಭ್ಯಾಸಬಲದಿಂದ ತುಟಿ ನೆಕ್ಕಿದಳು.

“ಇವರೇ, ಉಪ್ಪೇ ಇಲ್ಲ!”

“ಎಂತ ಉಪ್ಪು?”

“ಸಪ್ಪೆ ನೀರು! ಕಡಲೇ ಇಲ್ಲ ಇಲ್ಲಿ. ಇಳಿತ ಎಲ್ಲಿಂದ ಬರ್ತದೆ? ಬಿಡಿ ಕೈ!”

ಅವನು ಬಿಡಲಿಲ್ಲ, ಬಿಡಲು ಬರುತ್ತಿರಲಿಲ್ಲ. ಆ ಬೆರಳುಗಳು ಕಲ್ಲಾಗಿದ್ದವು. ಇಷ್ಟು ವರ್ಷದಲ್ಲಿ ಅವನು ಹೆದರಿದ್ದನ್ನು ಅವಳು ಕಂಡಿರಲಿಲ್ಲ. ಒಂದೊಂದನ್ನೇ ಕಿತ್ತು ಬಿಡಿಸಿ, ಅವನ ತಲೆಯನ್ನು ದೋಣಿಯ ತಳಕ್ಕೆ ಒತ್ತಿ ತಾನೂ ಬಿದ್ದುಕೊಂಡಳು.

ಕಂದೀಲು ಕಲ್ಲಿಗೆ ಬಡಿದು ಆರಿತು. ಕತ್ತಲಲ್ಲಿ ಅಂಬಿಗ ಅಂಗೈಯಿಂದ ಮಾಡನ್ನು ತಳ್ಳುತ್ತಿದ್ದ. ಕಲ್ಲು ಅವಳ ಹಣೆಯನ್ನು ಕೆರೆಯಿತು, ಮೂಗನ್ನು ಮುಟ್ಟಿತು. ಉಸಿರೆಳೆದರೆ ಎದೆ ಉಬ್ಬಿ ಸಿಕ್ಕಿಕೊಂಡೇನು ಎಂದು ಉಸಿರು ಹಿಡಿದಳು.

ಬೆಳಕು ಬಂದಾಗ ಮುಖದ ಮೇಲೆ ಮಳೆ ಬೀಳುತ್ತಿತ್ತು.

ದಡದಲ್ಲಿ ಮಾಸ್ತರರು ವಾಂತಿ ಮಾಡಿಕೊಂಡರು. ಅಂಗಾರ ಕೆಂಪು ನೀರಿಗೆ ಬಗ್ಗಿ ಒಂದು ಬೊಗಸೆ ಎತ್ತಿ ಬಾಯಿಗಿಟ್ಟ. ತುಂಬ ಹೊತ್ತು ಹಾಗೆಯೇ ಇಟ್ಟುಕೊಂಡು ನುಂಗಿದ. ಹೆಂಡತಿಯ ಹಣೆಯ ರಕ್ತ ಒರೆಸಲು ಹೆಗಲ ಬೈರಾಸು ಎತ್ತಿದವನ ಕೈ ತಪ್ಪಿ ಅವಳ ಕಣ್ಣಿಗೆ ತಾಗಿತು.

“ಕೊಡಿ ಇಲ್ಲಿ, ನಾನೇ ಒರೆಸ್ತೇನೆ,” ಎಂದಳು ಪುಷ್ಪಾವತಿ. ಒರೆಸಿ, ಅದೇ ಬೈರಾಸಿನಿಂದ ಅವನ ತಲೆಯನ್ನೂ ಒರೆಸಿದಳು.