ಕೂಸು ಹೇಳಲು ಕಲಿತಾಗ

ಕಾಲು ಜೋಮು ಹಿಡಿಯುತ್ತಿದೆ, ಹೆಬ್ಬೆರಳಿನಿಂದ ಮೇಲಕ್ಕೆ ಇರುವೆ ಹರಿದ ಹಾಗೆ, ಆದರೂ ಅಲುಗುವಂತಿಲ್ಲ, ಚಾಚಿದ ನನ್ನ ಎರಡು ಪಾದಗಳ ಮೇಲೆ ಬಂಗಾರಿ ಕೂತಿದ್ದಾಳೆ, ಹಿತ್ತಲ ಬೇಲಿಯ ಓತಿಕ್ಯಾತವನ್ನು ನೋಡುತ್ತ — ಸ್ಸ್ ಸ್ಸ್ ಎನ್ನುತ್ತೇನೆ, ಬಾಯಿ ಒಣಗಿದೆ, ಬೇಗ ತಾಯಿ, ಎಂಟೂವರೆಗೆ ಸೊರಬದ ಬಸ್ಸು, ಅಣ್ಣ ಉಜ್ಜಪ್ಪ ಬಂದು ಪಡಸಾಲೆಯಲ್ಲಿ ಕೂತಿದ್ದಾನೆ, ನನ್ನನ್ನು ನಮ್ಮೂರು ಜಡೆಗೆ ಕರೆದೊಯ್ಯಲು ಕಡೆಗೂ ಬಂದಿದ್ದಾನೆ. ಹದಿನೈದು ದಿನಕ್ಕೆಂದು ಬಂದವಳು ನಾನು, ಐವತ್ತೇಳರ ದೀಪಾವಳಿ ಮುಗಿದ ವಾರ, ಅಕ್ಕ ರಾಧಮ್ಮ ಎರಡನೇ ಹೆರಿಗೆಯಲ್ಲಿ ಹೊಟ್ಟೆಯ ಕೂಸಿನ ಸಮೇತ ತೀರಿಕೊಂಡಾಗ, ಈ ಶಿಕಾರಿಪುರದ ಮನೆಯಲ್ಲಿ ಅವಳ ಮೊದಲ ಮಗಳು ಈ ಬಂಗಾರಿಯನ್ನು ನೋಡಿಕೊಳ್ಳುವವರಿರಲಿಲ್ಲ — ಈಗ ಹತ್ತು ತಿಂಗಳು. ಯಾವಾಗ ಹೋಗಲಿ ಎಂದಾಗಲೆಲ್ಲ ಅಕ್ಕನ ಅತ್ತೆ ಗುಡ್ಡಮ್ಮನವರದು ಒಂದೇ ಮಾತು, ಕೂಸು ಉಚ್ಚಿ ಬಂದ್ರೆ ಬಾಯ್ಬಿಟ್ಟು ಹೇಳಾಕ ಕಲೀಲಿ, ಆಮ್ಯಾಲೆ ನಿನ್ನ ಯಾರು ಹಿಡಕೊಂತಾರ ಹೂವಿ. ಕಲಿಸಿದೆ, ಹಟ ಹಿಡಿದು ಕಲಿಸಿದೆ, ಎದ್ದ ಕೂಡಲೆ ಒಮ್ಮೆ, ಗಂಜಿ ಕುಡಿಸಿ ಒಮ್ಮೆ, ಮಲಗಿಸುವ ಮುಂಚೆ ಒಮ್ಮೆ, ಕೌದಿ ಒಗೆದು ಒಗೆದು ಅಂಗೈ ಬಿರಿಯಿತು, ಒಂದು ದಿನ ದೇವರ ಕೋಣೆಯ ಹೊಸ್ತಿಲಲ್ಲೇ ಹೊಯ್ದಾಗ ಅತ್ತೆ ಒಲೆಯಿಂದ ಕೊಳ್ಳಿ ಎಳೆದು ಬರೆ ಹಾಕ್ತೀನಿ ನೋಡು ಎಂದರು, ಕೂಸು ಹೆದರಿ ಇಡೀ ದಿನ ಕಟ್ಟಿಕೊಂಡಿತು, ಹೊಟ್ಟೆ ಕಲ್ಲಾಯಿತು, ಹೊಕ್ಕುಳ ಕೆಳಗೆ ಬೆಚ್ಚನೆಯ ನೀರು ಸುರಿದು ಸುರಿದು — ಹೆದರಬೇಡ, ಯಾರೂ ಬೈಯೋದಿಲ್ಲ, ಚಿಕ್ಕಿ ಇದೀನಲ್ಲ. ಸೊರಬದಲ್ಲಿ ಬ್ಲಾಕ್ ಆಫೀಸಿನವರ ಹೊಲಿಗೆ ತರಗತಿ ಸೋಮವಾರ ಶುರು, ನಿನ್ನ ಹೆಸರು ಬರೆಸಿದೀನಿ ಎಂದು ಅವ್ವ ಕಾಗದ ಹಾಕಿಸಿದ್ದಳು, ಮಿಷನ್ನನ್ನು ಕಾಲಲ್ಲಿ ತುಳಿಯುವುದಂತೆ.

ಬಂತು, ಬೆಚ್ಚಗೆ ಪಾದಗಳ ನಡುವೆ ಇಳಿದು ಮಣ್ಣಿಗೆ, ಚಿಕ್ಕಿ ಆತು, ಆಯ್ತಾ ಜಾಣೆ, ಈ ವಾರ ಪೂರ್ತಿ ಅವಳೇ ಹೇಳಿದ್ದಾಳೆ, ಒಮ್ಮೆಯೂ ತಪ್ಪಿಲ್ಲ, ಇನ್ನು ನನ್ನನ್ನು ಯಾರೂ — ತೊಳೆದು, ಅವಳನ್ನು ಹಿತ್ತಲಲ್ಲೇ ಆಡಲು ಬಿಟ್ಟು, ಬಟ್ಟೆಗಂಟು ಎತ್ತಿಕೊಂಡು ಪಡಸಾಲೆಗೆ ಬರುತ್ತೇನೆ, ಅಣ್ಣನ ಎದುರು ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಭಾವ ಹುಚ್ಚರಾಯಪ್ಪ ಮಡಿಸಿಟ್ಟ ಬಿಳಿ ಅಂಗಿ ತೊಟ್ಟು ಕೂತಿದ್ದಾರೆ, ಯಾರೂ ನನ್ನ ಗಂಟು ನೋಡುತ್ತಿಲ್ಲ. ಅಣ್ಣ, ಬಸ್ಸಿಗೆ ಹೊತ್ತಾಯ್ತು. ಕೂತ್ಕ ಹೂವಿ, ಎನ್ನುತ್ತಾನೆ ಅಣ್ಣ, ನಿಂಗೂ ಭಾವಂಗೂ ಬರೋ ತಿಂಗ್ಳು ಧಾರೆ ಅಂತ ಮಾತಾಗಿದೆ, ಕೂಸಿಗೆ ನಿನ್ನ ಬಿಟ್ರೆ ಯಾರಿದಾರೆ. ಅತ್ತೆ ನಗುತ್ತಾರೆ, ಹೆತ್ತಾಕಿನೂ ಇಷ್ಟು ಚಂದ ಕಲಿಸ್ತಿದ್ದಿಲ್ಲ ಬಿಡು. ಕಲಿಸಿದ್ದೇ ತಪ್ಪಾಯಿತೆ, ಕಲಿಸದಿದ್ದರೂ ಬಿಡುತ್ತಿರಲಿಲ್ಲ, ಎರಡು ಕಡೆಯೂ ಅವರೇ ನಿಂತಿದ್ದರು — ಈ ದನಿ ನನ್ನದೆ, ಕೂಸನ್ನ ಜಡೆಗೆ ಕರ್ಕೊಂಡೋಗಿ ಸಾಕ್ತೀನಿ, ಈ ಮದುವೆ ಮಾತ್ರ ಬ್ಯಾಡ. ಭಾವ ತಲೆ ತಗ್ಗಿಸುತ್ತಾರೆ, ಅಣ್ಣ ಅಡಿಕೆ ಚೂರು ಆರಿಸುತ್ತಾನೆ, ಅತ್ತೆಯ ದನಿ ಮೆತ್ತಗಿದೆ, ನಮ್ಮನಿ ಕೂಸು ಎಲ್ಲಿಗೂ ಬರಂಗಿಲ್ಲ, ನೀ ಹೋಗೋದಾದ್ರ ಹೋಗವ್ವ, ಬಾಗ್ಲು ತೆರದೈತಿ. ತೆರೆದೇ ಇದೆ, ಗಂಟು ಹಿಡಿದು ಇಳಿಯುತ್ತೇನೆ, ಒಂದು ಮೆಟ್ಟಿಲು, ಎರಡು, ಬಸ್ಸಿನ ಹಾರನ್ನು ಪೇಟೆಯ ಕಡೆಯಿಂದ, ಮೂರನೆಯದು — ಚಿಕ್ಕಿ, ಉಚ್ಚಿ. ಈಗಷ್ಟೇ ಆಯಿತಲ್ಲ, ಬಂದಿರಲಾರದು, ಚಿಕ್ಕೀ ಉಚ್ಚಿ, ತಿರುಗಬಾರದು, ತಿರುಗುತ್ತೇನೆ, ಪಡಸಾಲೆ, ನಡುಮನೆ, ಹಿತ್ತಲು, ಮೂರು ಬಾಗಿಲುಗಳ ಆಚೆ ಒಬ್ಬಳೇ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೆಳಗಿನ ಮಣ್ಣು ಒಣಗಿದೆ, ಏನೂ ಬರುತ್ತಿಲ್ಲ, ಆ ಮಾತು ಹೇಳಿದರೆ ನಾನು ಬರುತ್ತೇನೆಂದು ಕಲಿತಿದ್ದಾಳೆ, ಲಂಗ ಎತ್ತಿ ಹಿಡಿದು, ಕತ್ತು ಹೊರಳಿಸಿ, ಬಾಗಿಲನ್ನೇ ನೋಡುತ್ತ, ಒಣ ಮಣ್ಣಿನ ಮೇಲೆ, ಕತ್ತು ಹೊರಳಿಸಿ