ಕೈ ತೋರಿಸಿ

ಲೋಟದ ತುಂಬ ನೀರು ಮೊಗೆದು, ಕೈಯನ್ನು ತಲೆಯ ಎತ್ತರಕ್ಕೆ ಒಯ್ದು, ಅವಳು ಅದನ್ನು ಮತ್ತೆ ಗಾಜಿನ ತೊಟ್ಟಿಗೇ ಸುರಿದಳು. ನೀರು ನೀರಿನ ಮೇಲೆ ಬಿದ್ದು ಗುಳ್ಳೆಯೆದ್ದಿತು. ಮತ್ತೆ ಮೊಗೆದಳು, ಮತ್ತೆ ಸುರಿದಳು. ನಿನ್ನೆ ಆಸ್ಪತ್ರೆಯಿಂದ ಬಂದಾಗಿನಿಂದ ಇದೇ ಕೆಲಸ. ಬಲತೋಳು ಮರಗಟ್ಟಿ ತನ್ನದೇ ಅಲ್ಲವೆನ್ನುವಂತಾಗಿತ್ತು. ತೊಟ್ಟಿಯಿಂದ ಆರು ಹೆಜ್ಜೆ ಆಚೆ, ನಡುಮನೆಯ ಮಧ್ಯದಲ್ಲಿ, ಬಿಳಿ ಬಟ್ಟೆ ಹೊದ್ದು ಅವಳ ಗಂಡ ಮಲಗಿದ್ದ. ಸುತ್ತ ಕೂತವರು ಅವನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

"ಅತ್ತಿಗೆಗೆ ತಲೆ ನಿಲ್ತಾ ಇಲ್ಲ," ಎಂದು ನಾದಿನಿ ಪಕ್ಕದವರ ಕಿವಿಯಲ್ಲಿ ಹೇಳಿದಳು. ಅವಳ ಪಿಸುಮಾತು ಬೀದಿಯ ಕೊನೆಗೂ ಕೇಳಿಸುವಂಥದ್ದು. "ಅಣ್ಣ ಹೋಗಿ ಇನ್ನೂ ಒಂದು ದಿನ ಸರಿಯಾಗಿ ಆಗಿಲ್ಲ, ಇವರು ಮೀನಿಗೆ ಸ್ನಾನ ಮಾಡಿಸ್ತಾ ನಿಂತಿದ್ದಾರೆ."

"ಸ್ನಾನ ಅಲ್ಲ, ಗಾಳಿ," ಅವಳು ತಿರುಗದೆಯೇ ಹೇಳಿದಳು. "ಕರೆಂಟಿಲ್ದೆ ಪಂಪು ನಿಂತಿದೆ. ನೀರಿಗೆ ಗಾಳಿ ಸೇರದಿದ್ರೆ ಅದು ಉಸಿರು ಕಟ್ಟಿ ಸಾಯತ್ತೆ."

ಹೇಳಿದ್ದು ನಿಜವೇ. ಆದರೆ ಅರ್ಧ ನಿಜ. ಇಡೀ ಬೀದಿಗೆ ಕರೆಂಟಿತ್ತು, ಈ ಮನೆಗೆ ಮಾತ್ರ ಇರಲಿಲ್ಲ. ಮಗ ನಿನ್ನೆಯಿಂದ ಮೂರು ಸಲ ಮೀಟರಿನ ಪೆಟ್ಟಿಗೆಯ ಹತ್ತಿರ ಹೋಗಿದ್ದ. ಮೂರು ಸಲವೂ ಅವಳು ಅಡ್ಡ ನಿಂತಿದ್ದಳು.

"ಫ್ಯೂಸ್ ಸುಟ್ಟಿರತ್ತೆ ಅಷ್ಟೇ ಅಮ್ಮ. ಐದು ನಿಮಿಷದ ಕೆಲಸ. ಇಷ್ಟು ಜನ ಬೆವೆತು ಸಾಯ್ತಿದ್ದಾರೆ, ಫ್ಯಾನಾದರೂ ತಿರುಗಲಿ."

"ನಿಮ್ಮಪ್ಪ ಮನೇಲಿರೋವಾಗ ಆ ಪೆಟ್ಟಿಗೆ ಯಾವತ್ತಾದ್ರೂ ಮುಟ್ಟಿದ್ದೀಯಾ? ಇವತ್ತೂ ಅವರು ಇಲ್ಲೇ ಇದ್ದಾರೆ. ಸುಮ್ನಿರು."

ದುಃಖದಲ್ಲಿ ಆಡಿದ ಮಾತೆಂದು ಮಗ ಕಣ್ಣೊರೆಸಿಕೊಂಡು ಹಿಂದೆ ಸರಿದ. ಅವಳಿಗೆ ದುಃಖ ಇನ್ನೂ ಹತ್ತಿರ ಸುಳಿದೇ ಇರಲಿಲ್ಲ. ನಿನ್ನೆಯಿಂದ ಅವಳಿಗಿದ್ದದ್ದು ಬರೀ ಹೆದರಿಕೆ. ಆ ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಕರಕಲಾದ ತಂತಿ ಕಾಣುತ್ತದೆ. ಕಂಡವರು, ಯಾಕೆ ಸುಟ್ಟಿತು, ಯಾವಾಗ ಸುಟ್ಟಿತು, ಆಗ ಸ್ವಿಚ್ ಹಾಕಿದ್ದು ಯಾರು ಎಂದು ಕೇಳುತ್ತಾರೆ.

* * *

ಒಂಬತ್ತು ದಿನದ ಕೆಳಗೆ ಮೀನಿನ ಮೈಮೇಲೆ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕಿಗಳೆದ್ದಿದ್ದವು. ಕಿತ್ತಳೆ ಬಣ್ಣದ, ಹೊಟ್ಟೆ ಮುಂದಿಟ್ಟುಕೊಂಡು ಓಡಾಡುವ ಒಂಟಿ ಮೀನು. ತಾನು ದುಡಿದ ಮಿಲ್ಲಿನ ಹಳೆಯ ಮ್ಯಾನೇಜರರ ನಡಿಗೆಯೂ ಹೀಗೇ ಇತ್ತೆಂದು ಗಂಡ ಅದನ್ನು ಸಾಹೇಬರು ಎಂದೇ ಕರೆಯುತ್ತಿದ್ದ.

"ಸಾಹೇಬರಿಗೆ ಮೈ ಸರಿಯಿಲ್ಲ ಕಣೇ. ನೋಡು, ಕಲ್ಲಿಗೆ ಮೈ ಉಜ್ಜಿಕೊಳ್ತಾರೆ."

"ಹೋಗ್ಲಿ ಬಿಡಿ, ಇನ್ನೊಂದು ತಂದರಾಯ್ತು."

"ಮೂವತ್ತೈದು ವರ್ಷ ಮೋಟರು ರಿಪೇರಿ ಮಾಡಿದವನು ನಾನು. ಕೆಟ್ಟಿದ್ದನ್ನ ಎಸೆಯೋದು ಕಲಿತಿಲ್ಲ."

ಅಂದಿನಿಂದ ಮನೆ ಆಸ್ಪತ್ರೆಯಾಯಿತು. ತೊಟ್ಟಿಯ ಮೇಲೆ ಹಳೆಯ ಟವೆಲು ಹೊದಿಸಿ ಬೆಳಕು ಕಡಿಮೆ ಮಾಡಿದ. ಕಲ್ಲುಪ್ಪನ್ನು ಚಮಚದಲ್ಲಿ ಅಳೆದು, ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿದ. ನೀರು ಬೆಚ್ಚಗಿದ್ದರೆ ರೋಗ ಬೇಗ ಬಿಡುತ್ತದೆಂದು, ಗಾಜಿನ ಕೊಳವೆಯೊಳಗೆ ಸುರುಳಿಯಿರುವ ಹೀಟರನ್ನು ಅಟ್ಟದಿಂದ ಇಳಿಸಿ ತೊಟ್ಟಿಗೆ ಕಟ್ಟಿದ. ದಿನ ಬಿಟ್ಟು ದಿನ, ಪಂಪು ನಿಲ್ಲಬಾರದೆಂದು ಹೀಟರೊಂದನ್ನೇ ಆರಿಸಿ, ಕಾಲು ಭಾಗ ನೀರು ತೆಗೆದು ಹೊಸ ನೀರು ತುಂಬುತ್ತಿದ್ದ. ಹೀಟರಿನ ಸ್ವಿಚ್ ಇದ್ದದ್ದು ಹಜಾರದ ಗೋಡೆಯಲ್ಲಿ. ಅಲ್ಲಿಂದ ತೊಟ್ಟಿ ಕಾಣುವುದಿಲ್ಲ.

"ನೀರು ತಣ್ಣಗಾಗಕ್ಕೆ ಬಿಡಬೇಡ," ಎಂದು ಅವಳಿಗೆ ದಿನಕ್ಕೆ ಹತ್ತು ಸಲ ಹೇಳಿದ್ದ.

ಮೂರನೆಯ ದಿನ ಅವಳು ಹಜಾರದಲ್ಲಿ ಹೋಗುತ್ತ, ಸ್ವಿಚ್ ಆರಿರುವುದನ್ನು ಕಂಡು, ಮರೆತಿರಬೇಕೆಂದು ಹಾಕಿಬಿಟ್ಟಳು. ನಡುಮನೆಗೆ ಬಂದರೆ ಗಂಡ ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ನಿಂತಿದ್ದ. ಹೀಟರಿನ ಕೆಂಪು ದೀಪ ಹೊತ್ತಿಕೊಂಡಿತ್ತು. ಅವನು ನಿಧಾನವಾಗಿ ಕೈ ಹೊರಗೆ ತೆಗೆದ. ಬೈಯಲಿಲ್ಲ. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಹೀಟರು ಗಟ್ಟಿಯಾಗಿದೆ, ಬದುಕಿಕೊಂಡೆ," ಎಂದು ನಕ್ಕ. ಅವಳು ಅಡುಗೆಮನೆಗೆ ಹೋಗಿ, ಗೋಡೆಗೆ ಒರಗಿ ಅತ್ತಳು. ಆಮೇಲೆ ಆ ಮಾತು ಅವರಿಬ್ಬರ ಮಧ್ಯೆ ಬರಲೇ ಇಲ್ಲ. ಅವನು ಮರೆತನೆಂದುಕೊಂಡು ಅವಳೂ ಮರೆತಳು.

* * *

"ಅತ್ತಿಗೇ..."

ಬಾಗಿಲಲ್ಲಿ ಕುಳ್ಳ ನಿಂತಿದ್ದ. ಮಿಲ್ಲಿನಲ್ಲಿ ಅವಳ ಗಂಡನ ಕೈಕೆಳಗೆ ಇಪ್ಪತ್ತು ವರ್ಷ ದುಡಿದವನು. ಈಗ ಅವನ ಕೂದಲೂ ಹಣ್ಣಾಗಿತ್ತು, ಆದರೂ ಎಲ್ಲರಿಗೂ ಕುಳ್ಳನೇ. ಹೆಣದ ಕಾಲ ಬಳಿ ಕೂತು, ಎರಡು ಬೆರಳಿಲ್ಲದ ಬಲಗೈಯಿಂದ ಬಿಳಿ ಬಟ್ಟೆಯ ಸುಕ್ಕು ನೀವಿ ಸರಿಮಾಡಿದ. ಆಮೇಲೆ ಗೊಳೋ ಎಂದು ಅತ್ತ.

ಅತ್ತು ಹಗುರಾದವನಿಗೆ ಮಾತು ಬಂತು. "ಈ ಬೆರಳು ಹೋದ ದಿನ ಅಣ್ಣನೇ ನನ್ನ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು," ಎಂದು ಕೂತವರಿಗೆ ಹೇಳತೊಡಗಿದ. "ನಾನು ಮಿಷನ್ ಒಳಗೆ ಕೈ ಹಾಕಿದ್ದೆ. ಯಾವನೋ ಪುಣ್ಯಾತ್ಮ ನೋಡ್ದೆ ಸ್ವಿಚ್ ಹಾಕ್ದ. ಅವತ್ತಿಂದ ಅಣ್ಣ ಸ್ವಿಚ್ ನಂಬೋದೇ ಬಿಟ್ರು. ಕೆಲ್ಸಕ್ಕೆ ಮುಂಚೆ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ಗುಂಡಿ ಹಾಕ್ತಿದ್ರು. ಕೆಲ್ಸ ಮುಗಿದ್ಮೇಲೆ, ತೆಗೆದೋರೇ ಹಾಕ್ಬೇಕು, ಇನ್ನೊಬ್ರು ಮುಟ್ಟೋ ಹಾಗಿಲ್ಲ. ಹಾಕೋ ಮುಂಚೆ ಒಂದು ಕೂಗು, 'ಕೈ ತೋರಿಸಿ!' ಅಂತ. ಇಡೀ ಮಿಲ್ಲು ಎರಡು ಕೈ ಮೇಲೆತ್ತಬೇಕು. ಮ್ಯಾನೇಜರೂ ಎತ್ತಬೇಕು! ಫ್ಯೂಸಣ್ಣ ಅಂತ ಹೆಸರು ಬಂದಿದ್ದೇ ಹಾಗೆ."

"ಮನೇಲೂ ಅದೇ ಕತೆ," ಮಗ ನಗಲು ಹೋಗಿ ಅರ್ಧಕ್ಕೇ ನಿಂತ. "ಬಲ್ಬು ಬದಲಾಯಿಸೋದಿದ್ರೂ ನಾವೆಲ್ಲ ಊಟದ ತಟ್ಟೆ ಮುಂದೆ ಕೈ ಎತ್ಕೊಂಡು ಕೂತಿರಬೇಕಿತ್ತು."

ನಾಲ್ಕು ಜನ ನಕ್ಕರು. ಅವಳಿಗೆ ಮಾತ್ರ ಯಾವನೋ ಪುಣ್ಯಾತ್ಮ ಎಂಬ ಮಾತು ಎದೆಗೆ ನಾಟಿತು.

ಆಗಲೇ ಕುಳ್ಳ ತಲೆಯೆತ್ತಿ ನಿಂತ ಫ್ಯಾನನ್ನು ನೋಡಿದ. "ಇದೇನು ಅತ್ತಿಗೆ, ಫ್ಯೂಸಣ್ಣನ ಮನೇಲಿ ಕರೆಂಟಿಲ್ಲ ಅಂದ್ರೆ ಜನ ನಗಲ್ವಾ? ಪೆಟ್ಟಿಗೆ ತೆಗೆದು ಒಂದ್ಸಲ ನೋಡ್ತೀನಿ ಇರಿ."

"ಬೇಡ!"

ಲೋಟ ಕೈಜಾರಿ ನೆಲಕ್ಕೆ ಬಿದ್ದು ಠಣ್ಣೆಂದಿತು. ಮನೆಯೆಲ್ಲ ಅವಳತ್ತ ತಿರುಗಿತು. ಕುಳ್ಳ ಬಗ್ಗಿ ಲೋಟ ಎತ್ತಿಕೊಟ್ಟ.

"ಅಮ್ಮ," ಮಗ ಹತ್ತಿರ ಬಂದು ದನಿ ತಗ್ಗಿಸಿದ. "ಆಸ್ಪತ್ರೆಯವರು ಅಪ್ಪನ ಬಟ್ಟೆ ಒಂದು ಚೀಲದಲ್ಲಿ ಕೊಟ್ರಲ್ಲ, ಎಲ್ಲಿಟ್ಟೆ? ವಾಚು ಅದರಲ್ಲೇ ಇರಬೇಕು."

"ಗೊತ್ತಿಲ್ಲ. ಎಲ್ಲೋ ಇರತ್ತೆ. ಆಮೇಲೆ ಹುಡುಕೋಣ."

ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀರುವಿನ ಹಿಂದೆ, ಗೋಡೆಯ ಸಂದಿಗೆ ಅವಳೇ ತುರುಕಿದ್ದಳು. ಆ ಅಂಗಿಯ ಬಲತೋಳು ಒದ್ದೆಯಾಗಿತ್ತು. ಅದರ ಮೇಲೆ ಸುಟ್ಟ ಗುರುತಿದೆಯೋ ಇಲ್ಲವೋ ನೋಡುವ ಧೈರ್ಯ ಅವಳಿಗಿರಲಿಲ್ಲ.

* * *

ನಿನ್ನೆ ಬೆಳಗ್ಗೆ ತರಕಾರಿ ಚೀಲ ಹಿಡಿದು ಒಳಗೆ ಬಂದಾಗ ಮನೆ ಸದ್ದಿಲ್ಲದೆ ಇತ್ತು. ಹಜಾರದ ಸ್ವಿಚ್ ಆರಿತ್ತು. ನೀರು ತಣ್ಣಗಾದೀತೆಂದು, ಚೀಲ ಕೆಳಗಿಡುವ ಮೊದಲೇ ಹಾಕಿದಳು. ಬೆರಳು ತಾನಾಗಿ ಹೋಯಿತು, ಯೋಚನೆ ಆಮೇಲೆ ಬಂತು. ಟಕ್ ಎಂದಿತು. ಅದರ ಬೆನ್ನಿಗೇ ನಡುಮನೆಯಲ್ಲಿ ದೊಪ್ಪೆಂದು ಏನೋ ಬಿತ್ತು.

ಅವನು ತೊಟ್ಟಿಯ ಪಕ್ಕ ಒರಗಿ ಬಿದ್ದಿದ್ದ. ಬಕೆಟ್ಟು ಮಗುಚಿತ್ತು. ಪಂಪಿನ ಗುಳುಗುಳು ಸದ್ದು ಇರಲಿಲ್ಲ. ಆ ಸದ್ದು ನಿಂತದ್ದು ಅವಳು ಸ್ವಿಚ್ ಹಾಕುವ ಮುಂಚೆಯೋ, ಹಾಕಿದ ಮೇಲೋ? ನಿನ್ನೆಯಿಂದ ಅವಳು ತನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದಳು. ನೆನಪಾಗುತ್ತಿರಲಿಲ್ಲ.

"ಹೃದಯ ನಿಂತಿದೆ," ಎಂದರು ಡಾಕ್ಟರು. ವಯಸ್ಸಾಗಿತ್ತು, ಬಿ.ಪಿ. ಇತ್ತು, ಎಲ್ಲರೂ ಹೌದೆಂದು ತಲೆಯಾಡಿಸಿದರು. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ. ಕರೆಂಟು ಹೊಡೆದರೆ ನಿಲ್ಲುವುದೂ ಹೃದಯವೇ ಎಂಬುದು ಕರೆಂಟಿನ ಕೆಲಸದವನ ಹೆಂಡತಿಗೆ ಗೊತ್ತಿರುವುದಿಲ್ಲವೇ? ಅವಳು ಬಾಯಿ ಮುಚ್ಚಿಕೊಂಡಿದ್ದಳು. ಆಸ್ಪತ್ರೆಗೆ ಓಡಿ ಬಂದ ಮಗ ಅಮ್ಮಾ ಎಂದು ತಬ್ಬಿಕೊಂಡು ಅತ್ತಾಗಲೂ ಮುಚ್ಚಿಕೊಂಡೇ ಇದ್ದಳು.

* * *

ಸ್ಮಶಾನಕ್ಕೆ ಒಯ್ಯುವ ಗಾಡಿ ಬಂತು. ಹೊರಡುವ ಮುಂಚೆ ಅವಳು ಲೋಟವನ್ನು ನಾದಿನಿಯ ಕೈಗಿಟ್ಟಳು.

"ಹತ್ತು ಸಲ ಸುರಿ, ಒಂದು ನಿಮಿಷ ಬಿಡು, ಮತ್ತೆ ಹತ್ತು. ನಾನು ಬರೋವರೆಗೂ ನಿಲ್ಲಿಸಬೇಡ."

"ನಾನಾ? ಅತ್ತಿಗೆ, ನನಗೆ ಮಂಡಿ ನೋವು..."

"ನಿಮ್ಮಣ್ಣ ಒಂಬತ್ತು ದಿನ ನಿದ್ದೆಗೆಟ್ಟು ನೋಡ್ಕೊಂಡಿದ್ದು ಕಣೆ."

ದಾರಿಯುದ್ದಕ್ಕೂ ಮಗ ಅವಳ ಕೈ ಹಿಡಿದಿದ್ದ. ಯಾವ ಕೈ ಹಿಡಿದಿದ್ದೀಯ ಮಗನೇ, ಎಂದು ಅವಳು ಒಳಗೊಳಗೇ ಕೇಳಿದಳು. ಹಿಡಿದದ್ದು ಬಲಗೈ. ಸ್ವಿಚ್ ಹಾಕಿದ ಕೈ. ಎಲ್ಲರೂ ಕೊನೆಯ ಸಲ ಮುಖ ನೋಡಿದಾಗ ಅವಳು ಮುಖ ನೋಡಲಿಲ್ಲ, ಬಟ್ಟೆಯ ಅಂಚಿನಲ್ಲಿ ಕಾಣುತ್ತಿದ್ದ ಅವನ ಬೆರಳ ತುದಿಗಳನ್ನು ನೋಡಿದಳು. ಕಪ್ಪಾಗಿರಲಿಲ್ಲ. ಆದರೂ ನಂಬಿಕೆ ಬರಲಿಲ್ಲ. ನಿದ್ದೆಯಿಲ್ಲದೆ ಕಣ್ಣು ಮಂಜಾಗಿತ್ತು.

ಮರಳಿ ಬಂದಾಗ ನಾದಿನಿ ಇನ್ನೂ ಸುರಿಯುತ್ತಲೇ ಇದ್ದಳು. ಸೀರೆಯೆಲ್ಲ ಒದ್ದೆ, ಮುಖವೂ ಒದ್ದೆ. "ನಿಲ್ಲಿಸ್ಲಿಲ್ಲ ಅತ್ತಿಗೆ, ಆಣೆಗೂ ನಿಲ್ಲಿಸ್ಲಿಲ್ಲ," ಎಂದು ಮಕ್ಕಳಂತೆ ಬಿಕ್ಕಿದಳು. "ಆದ್ರೂ ನೋಡಿ ಹೇಗಾಗಿದೆ."

ಸಾಹೇಬರು ಪಕ್ಕಕ್ಕೆ ವಾಲಿದ್ದರು. ಒಂದು ಕಣ್ಣು ಮೇಲಕ್ಕೆ ತಿರುಗಿತ್ತು. ಬಾಯಿ ತೆರೆಯುವುದಕ್ಕೂ ಮುಚ್ಚುವುದಕ್ಕೂ ನಡುವೆ ಎಷ್ಟೋ ಹೊತ್ತು ಕಳೆಯುತ್ತಿತ್ತು. ಮೈಮೇಲಿನ ಚುಕ್ಕಿಗಳು ಮುಕ್ಕಾಲು ಪಾಲು ಹೋಗಿದ್ದವು. ರೋಗ ಬಿಟ್ಟಿತ್ತು, ಈಗ ಉಸಿರೂ ಬಿಟ್ಟುಹೋಗುತ್ತಿತ್ತು.

ಅವಳು ತೊಟ್ಟಿಯ ಮುಂದೆ ಕುಕ್ಕರಿಸಿದಳು. ಒಂದು ಜೀವವನ್ನು ನನ್ನ ಕೈ ತೆಗೆಯಿತೋ ಇಲ್ಲವೋ ಗೊತ್ತಿಲ್ಲ. ಇದನ್ನು ಮಾತ್ರ ಕಣ್ಣಾರೆ ನೋಡಿಕೊಂಡೇ ತೆಗೆಯುತ್ತಿದ್ದೇನೆ.

"ಕುಳ್ಳ," ಎಂದಳು. "ಪೆಟ್ಟಿಗೆ ತೆಗಿ."

ಕುಳ್ಳ ಮುಂದೆ ಬಂದ.

"ತೆಗೆಯೋ ಮುಂಚೆ ಒಂದು ಮಾತು. ಎಲ್ಲರೂ ಕೇಳಿ." ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನಿನ್ನೆ ಅವರ ಕೈ ನೀರಲ್ಲಿದ್ದಾಗ ಹೀಟರ್ ಸ್ವಿಚ್ ಹಾಕಿದ್ದು ನಾನು. ಹಾಕಿದೆ, ಅವರು ಬಿದ್ರು. ಫ್ಯೂಸ್ ಸುಟ್ಟಿದ್ದೂ ಅದಕ್ಕೇ."

ಮಗ ಬಾಯಿ ತೆರೆದು ನಿಂತ. ಕುಳ್ಳ ಅವಳ ಮುಖವನ್ನೊಮ್ಮೆ ನೋಡಿ, ಸ್ಟೂಲು ಎಳೆದು ಹತ್ತಿ, ಹಜಾರದ ಮರದ ಪೆಟ್ಟಿಗೆಯ ಬಾಗಿಲು ತೆಗೆದ. ಇಣುಕಿದ. ಬೆರಳಾಡಿಸಿದ. ಬಹಳ ಹೊತ್ತು ಇಳಿಯಲೇ ಇಲ್ಲ.

"ಪೂರ್ತಿ ಕರಕಲಾಗಿದೆಯಾ?" ಅವಳು ಕೇಳಿದಳು.

"ಕರಕಲಾಗಕ್ಕೆ ಏನಾದ್ರೂ ಇರಬೇಕಲ್ಲ ಅತ್ತಿಗೆ. ಇಲ್ಲಿ ಫ್ಯೂಸೇ ಇಲ್ಲ. ಬರೀ ಗೂಡಿದೆ." ಕುಳ್ಳ ಕೆಳಗಿಳಿದ. "ಯಾರೋ ಕಿತ್ಕೊಂಡಿದ್ದಾರೆ. ಅಣ್ಣನ ಅಂಗಿ ಎಲ್ಲಿ?"

ಅವಳು ಎದ್ದಳು. ಬೀರುವಿನ ಹಿಂದಿನಿಂದ ಚೀಲ ಎಳೆದಳು. ಅಂಗಿಯ ತೋಳು ಒಣಗಿ ಬಿರುಸಾಗಿತ್ತು, ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು. ಸುಟ್ಟ ಗುರುತು ಎಲ್ಲೂ ಇರಲಿಲ್ಲ. ಎದೆಯ ಜೇಬಿನ ಗುಂಡಿ ಹಾಕಿತ್ತು. ಬಿಚ್ಚಿ ಕೈ ಹಾಕಿದಾಗ ತಣ್ಣನೆಯ ಪಿಂಗಾಣಿ ಫ್ಯೂಸು ಸಿಕ್ಕಿತು.

ಕುಳ್ಳ ಅದನ್ನು ಬೆಳಕಿಗೆ ಹಿಡಿದ. "ತಂತಿ ಹಾಗೇ ಇದೆ. ಹೊಸದಾಗಿ ಸುತ್ತಿದ್ದಾರೆ. ನೀವು ಸ್ವಿಚ್ ಹಾಕಿದಾಗ ಮನೇಲಿ ಕರೆಂಟೇ ಇರಲಿಲ್ಲ ಅತ್ತಿಗೆ. ಪಂಪು ನಿಂತಿದ್ದೂ ಅವರು ಫ್ಯೂಸ್ ಕಿತ್ತಾಗ್ಲೇ."

ಹಾಗಾದರೆ ಅವನು ಮರೆತಿರಲಿಲ್ಲ. ಅವತ್ತು ನಕ್ಕು, ಬೆರಳು ಒರೆಸಿಕೊಂಡವನು, ಅವಳಿಗೆ ಒಂದು ಮಾತೂ ಹೇಳದೆ, ಅವಳು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಳ್ಳುತ್ತಿದ್ದ. ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ಕೈಯನ್ನು ನಂಬಿರಲಿಲ್ಲ. ನಂಬದೇ ಇದ್ದದ್ದಕ್ಕೆ ಅವಳಿಗೆ ಅವನ ಕಾಲು ಹಿಡಿಯಬೇಕೆನಿಸಿತು. ಅಂಗಿಯನ್ನು ಮುಖಕ್ಕೊತ್ತಿಕೊಂಡಳು. ನಿನ್ನೆಯಿಂದ ಬಾರದ ಅಳು ಆಗ ಬಂತು. ಮಗ ಬಂದು ಅವಳ ಭುಜ ಹಿಡಿದ.

"ಕುಳ್ಳಣ್ಣ, ಹಾಕಿಬಿಡಿ," ಎಂದ ಮಗ, ತೊಟ್ಟಿಯ ಕಡೆ ನೋಡುತ್ತ. "ಅದು ಸಾಯ್ತಾ ಇದೆ."

"ನಾನು ಹಾಕಲ್ಲಪ್ಪ. ತೆಗೆದೋರೇ ಹಾಕ್ಬೇಕು. ಇಪ್ಪತ್ತು ವರ್ಷ ಮೀರದ ಮಾತು ಇವತ್ತು ಮೀರಲಾ?" ಕುಳ್ಳ ಫ್ಯೂಸನ್ನು ಅವಳ ಅಂಗೈಗೆ ಇಟ್ಟ. "ಅತ್ತಿಗೆ, ಅವರ ಬದಲು ನೀವೇ."

ಅವಳು ಸ್ಟೂಲು ಹತ್ತಿದಳು. ಕುಳ್ಳ ಕೆಳಗೆ ಸ್ಟೂಲು ಹಿಡಿದುಕೊಂಡ. ಪೆಟ್ಟಿಗೆ ನಡುಮನೆಯ ಬಾಗಿಲಿಗೆ ಎದುರಾಗಿತ್ತು, ಸ್ವಿಚ್ಚಿನ ಬಳಿಯಿಂದ ಕಾಣದ ತೊಟ್ಟಿ ಅಲ್ಲಿಂದ ಕಾಣುತ್ತಿತ್ತು. ಫ್ಯೂಸನ್ನು ಗೂಡಿನ ಬಾಯಿಗೆ ಒಯ್ದವಳು ಅಲ್ಲೇ ತಡೆದಳು. ನಡುಮನೆಯತ್ತ ಮುಖ ತಿರುಗಿಸಿ ಕೂಗಿದಳು.

"ಕೈ ತೋರಿಸಿ!"

ಯಾರಿಗೂ ತಕ್ಷಣ ತಿಳಿಯಲಿಲ್ಲ. ಮೊದಲು ನಲವತ್ತು ದಾಟಿದ ಮಗ, ತಟ್ಟೆಯ ಮುಂದೆ ಕೂತ ಮಗುವಿನಂತೆ, ಎರಡೂ ಕೈ ಮೇಲೆತ್ತಿದ. ಸ್ಟೂಲು ಬಿಟ್ಟು ಕುಳ್ಳ ಎತ್ತಿದ. ನಾದಿನಿ ಲೋಟವನ್ನು ನೆಲಕ್ಕಿಟ್ಟು ಒದ್ದೆ ಕೈಗಳನ್ನು ಎತ್ತಿದಳು. ಆಮೇಲೆ ಗೋಡೆಗೆ ಒರಗಿ ಕೂತಿದ್ದವರು, ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವರು, ಒಬ್ಬೊಬ್ಬರಾಗಿ ಎತ್ತಿದರು. ಅವಳು ಒಂದೊಂದೇ ಕೈ ಎಣಿಸಿದಳು. ಕುಳ್ಳನ ಮೂರು ಬೆರಳನ್ನೂ ಎಣಿಸಿದಳು. ಯಾರ ಕೈಯೂ ನೀರಿನಲ್ಲಿರಲಿಲ್ಲ. ಆಗ ಫ್ಯೂಸನ್ನು ಒತ್ತಿದಳು.

ಫ್ಯಾನು ಒಮ್ಮೆ ನರಳಿ ತಿರುಗತೊಡಗಿತು. ಹೀಟರಿನ ಕೆಂಪು ದೀಪ ಹೊತ್ತಿತು. ತೊಟ್ಟಿಯ ಮೂಲೆಯಿಂದ ಒಂದು ಗುಳ್ಳೆ ಎದ್ದು, ಅದರ ಹಿಂದೆ ಇನ್ನೊಂದು ಎದ್ದು, ಸಾಲುಗಟ್ಟಿ ಗುಳುಗುಳು ಎಂದವು. ವಾಲಿದ್ದ ಮೀನು ರೆಕ್ಕೆಯೊಂದನ್ನು ಅಲ್ಲಾಡಿಸಿ, ಆ ಸದ್ದಿನ ಕಡೆಗೆ ಮೂತಿ ತಿರುಗಿಸಿತು. ನಡುಮನೆಯಲ್ಲಿ ಯಾರೂ ಇನ್ನೂ ಕೈ ಇಳಿಸಿರಲಿಲ್ಲ.